ಕನ್ವೆನ್ಶನ್‌ನಲ್ಲಿ ಟಿವಿ ನಟರನ್ನು ಭೇಟಿಯಾಗುವುದು ಹೇಗೆ: ಟಿಕೆಟ್, ಕ್ಯೂ, ಸಹಿ, ಫೋಟೋ

ಕನ್ವೆನ್ಶನ್ ಎಂದರೆ ಅಭಿಮಾನಿಗಳು ತಮ್ಮ ನೆಚ್ಚಿನ ನಟರನ್ನು ಕಾಣಲು ಸೇರುವ ಮೇಳ. ಅಲ್ಲಿ ದುಡ್ಡು ಕೊಟ್ಟು ನಟರ ಜೊತೆ ಚಿತ್ರ ತೆಗೆಸಿಕೊಳ್ಳುವ ಫೋಟೋ ಆಪ್‌ನಲ್ಲಿ ಅವರ ಪಕ್ಕ ನಿಲ್ಲಲು ಸಿಗುವುದು ಹೆಚ್ಚೆಂದರೆ ಹತ್ತು-ಹದಿನೈದು ಸೆಕೆಂಡು. ಆಟೋಗ್ರಾಫ್ ಟೇಬಲ್‌ನಲ್ಲಿ ನಿಮ್ಮ ಹಿಂದೆ ಇನ್ನೂರು ಜನ ನಿಂತಿದ್ದರೆ ಅರ್ಧ ನಿಮಿಷ, ಯಾರೂ ಇಲ್ಲದಿದ್ದರೆ ಮೂರು-ನಾಲ್ಕು ನಿಮಿಷವೂ ಸಿಕ್ಕೀತು. ನಟರು ವೇದಿಕೆಯ ಮೇಲೆ ಕೂತು ಮಾತಾಡುವ ಪ್ಯಾನೆಲ್‌ನಲ್ಲಿ ಮುಕ್ಕಾಲು ಗಂಟೆ ಅವರನ್ನೇ ನೋಡುತ್ತ ಕೂರಬಹುದು, ಆದರೆ ಆ ಕತ್ತಲಲ್ಲಿ ಅವರಿಗೆ ನಿಮ್ಮ ಮುಖ ಕಾಣುವುದಿಲ್ಲ. ಕನ್ವೆನ್ಶನ್‌ನಿಂದ ಮುಖ ಸಣ್ಣಗೆ ಮಾಡಿಕೊಂಡು ಬರುವವರಲ್ಲಿ ಬಹಳಷ್ಟು ಜನ ಈ ವ್ಯತ್ಯಾಸ ತಿಳಿಯದೆ ಹೋದವರು. ನಾಲ್ಕು ಮಾತಾಡುವ ಆಸೆಯಿಂದ ಫೋಟೋ ಆಪ್ ಟಿಕೆಟ್ ಕೊಂಡಿರುತ್ತಾರೆ. ಹಾಗಾಗಿ ದುಡ್ಡು ಕೊಡುವ ಮೊದಲೇ ತೀರ್ಮಾನಿಸಿ: ಬೇಕಿರುವುದು ಮಾತೋ, ಚಿತ್ರವೋ, ಸಹಿಯೋ? ಮಾತಿಗೆ ಟೇಬಲ್, ಚೆಂದದ ಚಿತ್ರಕ್ಕೆ ಫೋಟೋ ಆಪ್, ಶೂಟಿಂಗ್ ಕತೆಗಳನ್ನು ಕೇಳಲು ಪ್ಯಾನೆಲ್. ಒಬ್ಬರೇ ನಟರಿಗಾಗಿ ಒಂದನ್ನಷ್ಟೇ ಕೊಳ್ಳಲು ಸಾಧ್ಯವಿದ್ದರೆ ಟೇಬಲ್‌ಗೇ ನಮ್ಮ ಮತ. ಸಹಿಯೂ ಸಿಗುತ್ತದೆ, ಮಾತೂ ಆಗುತ್ತದೆ.

ಎಲ್ಲ ಕನ್ವೆನ್ಶನ್ ಒಂದೇ ಅಲ್ಲ

1970ರಲ್ಲಿ ಶುರುವಾದ ಸ್ಯಾನ್ ಡಿಯಾಗೊ ಕಾಮಿಕ್-ಕಾನ್ ಹೆಸರು ಕೇಳದವರಿಲ್ಲ. ಆದರೆ ನಟರನ್ನು ಹತ್ತಿರದಿಂದ ಕಂಡು ಮಾತಾಡಲು ಅದು ಸರಿಯಾದ ಜಾಗವಲ್ಲ. ದೊಡ್ಡ ನಟರು ಅಲ್ಲಿಗೆ ಬರುವುದು ಹೊಸ ಸೀಸನ್‌ನ ಪ್ರಚಾರಕ್ಕೆ. ಸುಮಾರು 6,500 ಜನ ಹಿಡಿಸುವ ಹಾಲ್ ಎಚ್‌ನಲ್ಲಿ ವೇದಿಕೆ ಹತ್ತಿ, ಮಾತಾಡಿ, ಹಿಂಬಾಗಿಲಿನಿಂದ ಹೊರಟುಬಿಡುತ್ತಾರೆ. ಸೀರಿಯಲ್ ತಂಡದ ಸಹಿ ಕಾರ್ಯಕ್ರಮಗಳಿಗೆ ಲಾಟರಿಯಲ್ಲಿ ಹೆಸರು ಬರಬೇಕು.

ಭೇಟಿಯೇ ಉದ್ದೇಶವಾಗಿದ್ದರೆ ನೋಡಬೇಕಾದವು ಎರಡು ಬಗೆ. ಒಂದು, ಅಟ್ಲಾಂಟಾದಲ್ಲಿ 1987ರಿಂದ ನಡೆಯುತ್ತಿರುವ ಡ್ರ್ಯಾಗನ್ ಕಾನ್‌ನಂತೆ ಸೀರಿಯಲ್, ಸಿನಿಮಾ, ಕಾಮಿಕ್ಸ್ ಎಲ್ಲ ಸೇರಿದ ದೊಡ್ಡ ಜಾತ್ರೆ. ಇಲ್ಲಿ ನಟರಿಗೆಂದೇ ಸಾಲಾಗಿ ಟೇಬಲ್ ಹಾಕಿರುತ್ತಾರೆ. ಇನ್ನೊಂದು, ಒಂದೇ ಸೀರಿಯಲ್‌ಗೆ ಮೀಸಲಾದದ್ದು. ಬ್ರಿಟಿಷ್ ಸೀರಿಯಲ್ ಡಾಕ್ಟರ್ ಹೂ ಅಭಿಮಾನಿಗಳು 1990ರಿಂದ ಲಾಸ್ ಏಂಜಲೀಸ್‌ನಲ್ಲಿ ನಡೆಸಿಕೊಂಡು ಬಂದಿರುವ ಗ್ಯಾಲಿಫ್ರೇ ಒನ್ ಇಂಥದ್ದು. ಈ ಎರಡನೇ ಬಗೆಯಲ್ಲಿ ಜನ ಕಡಿಮೆ, ಬಂದವರೆಲ್ಲ ಒಂದೇ ಸೀರಿಯಲ್‌ನ ಹುಚ್ಚಿನವರು, ನಾಲ್ಕೈದು ಎಪಿಸೋಡ್‌ನಲ್ಲಿ ಮಾತ್ರ ಬಂದುಹೋದ ಪೋಷಕ ನಟರೂ ಇರುತ್ತಾರೆ. ಅವರನ್ನು ಬಿಡಬೇಡಿ. ನಾಯಕನ ಟೇಬಲ್ ಮುಂದೆ ಎರಡು ಗಂಟೆ ಕಾಯುವಾಗ, ಪಕ್ಕದಲ್ಲೇ ಆ ಸೀರಿಯಲ್‌ನ ಖಳನ ಪಾತ್ರ ಮಾಡಿದವರು ಸುಮ್ಮನೆ ಕೂತಿರುತ್ತಾರೆ. ಸೆಟ್‌ನ ಕತೆಗಳು ಹೆಚ್ಚಾಗಿ ಸಿಗುವುದು ಅಲ್ಲೇ.

ಟಿಕೆಟ್ ಕೊಳ್ಳುವಾಗ

ಒಳಗೆ ಹೋಗುವ ಟಿಕೆಟ್ ಬೇರೆ, ಆಟೋಗ್ರಾಫ್ ಬೇರೆ, ಫೋಟೋ ಆಪ್ ಬೇರೆ, ಟೇಬಲ್ ಸೆಲ್ಫಿ ಬೇರೆ. ಪ್ರವೇಶ ಟಿಕೆಟ್ ಕೈಲಿದೆ ಎಂದು ನೆಮ್ಮದಿಯಾಗಿ ಹೋದವರಿಗೆ ಫೋಟೋ ಆಪ್ ವಾರಗಳ ಹಿಂದೆಯೇ ಮುಗಿದಿದೆ ಎಂಬುದು ಬಾಗಿಲಲ್ಲಿ ತಿಳಿಯುತ್ತದೆ. ಹೆಸರಾಂತ ನಟರ ಫೋಟೋ ಆಪ್ ಮೊದಲೇ ಬುಕ್ ಮಾಡಬೇಕು. ಆಟೋಗ್ರಾಫ್‌ಗೆ ಹೆಚ್ಚಿನ ಕಡೆ ಅಲ್ಲೇ ಟೇಬಲ್‌ನಲ್ಲಿ ದುಡ್ಡು ಕೊಟ್ಟರಾಯಿತು.

ಕೊಳ್ಳುವ ಮುನ್ನ ಇಷ್ಟನ್ನು ನೋಡಿಕೊಳ್ಳಿ:

- ನಟರು ಯಾವ ದಿನ ಬರುತ್ತಾರೆ. ಪೋಸ್ಟರ್‌ನಲ್ಲಿ ಮುಖ ದೊಡ್ಡದಾಗಿರುತ್ತದೆ, "ಶನಿವಾರ ಮಾತ್ರ" ಎಂಬುದು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಭಾನುವಾರದ ಟಿಕೆಟ್ ಕೊಂಡು ಪೇಚಾಡುವವರು ಪ್ರತಿ ಸಲವೂ ಇರುತ್ತಾರೆ.
- ಒಂದು ಫೋಟೋ ಟಿಕೆಟ್‌ಗೆ ಎಷ್ಟು ಜನ. ಸಾಮಾನ್ಯವಾಗಿ ಲೆಕ್ಕ ಒಂದು ಚಿತ್ರಕ್ಕೇ ಹೊರತು ತಲೆಗಲ್ಲ, ಇಬ್ಬರು ಗೆಳತಿಯರು ಒಂದರಲ್ಲೇ ನಿಲ್ಲಬಹುದು. ಆದರೆ ಮಿತಿ ಕನ್ವೆನ್ಶನ್‌ನಿಂದ ಕನ್ವೆನ್ಶನ್‌ಗೆ ಬೇರೆ, ಕೈಗೂಸಿಗೆ ಬೇರೆ ನಿಯಮ.
- ಮುದ್ರಿಸಿದ ಪ್ರತಿಯ ಜೊತೆ ಡಿಜಿಟಲ್ ಪ್ರತಿಯೂ ಬರುತ್ತದೆಯೋ, ಅದಕ್ಕೆ ಬೇರೆ ದುಡ್ಡೋ.
- ಫೋಟೋ ಆಪ್ ಮಾರುತ್ತಿರುವುದು ಕನ್ವೆನ್ಶನ್‌ನವರೇ, ಬೇರೆ ಕಂಪನಿಯೇ. ಬೇರೆಯಾಗಿದ್ದರೆ ತಕರಾರು ಬಂದಾಗ ಕನ್ವೆನ್ಶನ್ ಕೌಂಟರ್‌ನಲ್ಲಿ ಕೇಳಿ ಪ್ರಯೋಜನವಿಲ್ಲ, ಆ ಕಂಪನಿಯನ್ನೇ ಹಿಡಿಯಬೇಕು.
- ನಟರು ಬರದಿದ್ದರೆ ಏನು ವಾಪಸ್ ಬರುತ್ತದೆ.

ಕೊನೆಯದು ಬರೀ ಕಾಗದದ ಮಾತಲ್ಲ. ಟಿವಿ ನಟರ ಡೇಟ್‌ಗಳು ಶೂಟಿಂಗ್‌ಗೆ ಕಟ್ಟುಬಿದ್ದಿರುತ್ತವೆ. ಒಂದು ಎಪಿಸೋಡ್‌ನ ಶೂಟಿಂಗ್ ಎರಡು ದಿನ ಮುಂದಕ್ಕೆ ಹೋದರೂ ಸಾಕು, ಕನ್ವೆನ್ಶನ್‌ಗೆ ಮೂರು ದಿನವಿರುವಾಗ "ಬರಲಾಗುತ್ತಿಲ್ಲ" ಎಂಬ ಸುದ್ದಿ ಬರುತ್ತದೆ. ಆಗ ಫೋಟೋ ಆಪ್, ಆಟೋಗ್ರಾಫ್ ದುಡ್ಡು ಸಾಮಾನ್ಯವಾಗಿ ಮರಳುತ್ತದೆ. ಪ್ರವೇಶ ಟಿಕೆಟ್‌ನ ದುಡ್ಡು ಬಹುತೇಕ ಕಡೆ ಮರಳುವುದಿಲ್ಲ, ಪ್ರಯಾಣ, ಹೋಟೆಲ್ ಖರ್ಚಂತೂ ನಿಮ್ಮದೇ. ದೂರದಿಂದ ಹೋಗುವವರು ರದ್ದು ಮಾಡಿದರೆ ದುಡ್ಡು ಹಿಂದೆ ಬರುವಂಥ ಹೋಟೆಲ್ ಕಾಯ್ದಿರಿಸುವುದು ಮೇಲು. ಒಬ್ಬರೇ ನಟರನ್ನು ನಂಬಿಕೊಂಡು ಹೋಗುವುದಕ್ಕಿಂತ, ನೋಡಬೇಕೆನಿಸುವ ಇಬ್ಬರು ಮೂವರಾದರೂ ಇರುವ ಕನ್ವೆನ್ಶನ್ ಆರಿಸಿಕೊಳ್ಳಿ.

ವಿಐಪಿ, ಗೋಲ್ಡ್ ಎಂಬ ಪ್ಯಾಕೇಜ್‌ಗಳಲ್ಲಿ ಚೀಲ, ಬ್ಯಾಡ್ಜ್, ಪೋಸ್ಟರ್ ಎಂದು ಉದ್ದನೆಯ ಪಟ್ಟಿ ಇರುತ್ತದೆ. ಹುಡುಕಬೇಕಾದ್ದು ಒಂದೇ ಸಾಲು: ಆಟೋಗ್ರಾಫ್ ಮತ್ತು ಫೋಟೋ ಕ್ಯೂನಲ್ಲಿ ಮೊದಲು ಬಿಡುತ್ತಾರೋ ಇಲ್ಲವೋ. ಅದಿಲ್ಲದ ಪ್ಯಾಕೇಜ್‌ನಲ್ಲಿ ನೀವು ಕೊಳ್ಳುತ್ತಿರುವುದು ಚೀಲವನ್ನು.

ಇನ್ನೊಂದು ಎಚ್ಚರಿಕೆ. ನಟರ ಹೆಸರು, ಫೋಟೋ ಇಟ್ಟುಕೊಂಡ ಖಾತೆಯಿಂದ ಮೆಸೇಜ್ ಬಂದು, "ಫ್ಯಾನ್ ಕಾರ್ಡ್ ತೆಗೆದುಕೊಂಡರೆ ಖಾಸಗಿಯಾಗಿ ಭೇಟಿ ಮಾಡಿಸುತ್ತೇವೆ" ಎಂದರೆ ಅದು ಮೋಸ. ಗಿಫ್ಟ್ ಕಾರ್ಡ್‌ನಲ್ಲೋ ಕ್ರಿಪ್ಟೋದಲ್ಲೋ ದುಡ್ಡು ಕೇಳಿದರಂತೂ ಅನುಮಾನವೇ ಬೇಡ. ನಟರ ಭೇಟಿ ಮಾರಾಟವಾಗುವುದು ಕನ್ವೆನ್ಶನ್‌ನ ಸ್ವಂತ ಸೈಟ್‌ನಲ್ಲಿ ಅಥವಾ ಅಲ್ಲಿ ಕೊಟ್ಟಿರುವ ಲಿಂಕ್‌ನಲ್ಲಿ.

ದಿನದ ಲೆಕ್ಕಾಚಾರ

ವೇಳಾಪಟ್ಟಿ ಬಂದ ಕೂಡಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲು ಫೋಟೋ ಆಪ್‌ನ ಸಮಯ, ಏಕೆಂದರೆ ಅದು ತಪ್ಪಿದರೆ ಹೆಚ್ಚಿನ ಕಡೆ ದುಡ್ಡು ಹೋದಂತೆಯೇ. ಆಮೇಲೆ ಪ್ಯಾನೆಲ್. ಉಳಿದ ಸಂದುಗಳಲ್ಲಿ ಆಟೋಗ್ರಾಫ್. ಒಂದಕ್ಕೂ ಇನ್ನೊಂದಕ್ಕೂ ನಡುವೆ ಗಂಟೆಯಾದರೂ ಬಿಡುವಿರಲಿ. ನಟರು ಪ್ಯಾನೆಲ್ ಮುಗಿಸಿ ನೇರ ಫೋಟೋ ಆಪ್‌ಗೆ, ಅಲ್ಲಿಂದ ಟೇಬಲ್‌ಗೆ ಓಡುತ್ತಿರುತ್ತಾರೆ. ಬೆಳಗಿನ ಪ್ಯಾನೆಲ್ ಕಾಲು ಗಂಟೆ ತಡವಾದರೆ ಮಧ್ಯಾಹ್ನದ ಹೊತ್ತಿಗೆ ಅದೇ ಮುಕ್ಕಾಲು ಗಂಟೆಯಾಗಿ ಬೆಳೆದಿರುತ್ತದೆ. ಎರಡು ಫೋಟೋ ಆಪ್ ಒಂದೇ ಹೊತ್ತಿಗೆ ಬಂದರೆ ಗಾಬರಿ ಬೇಡ. ಫೋಟೋ ಕೌಂಟರ್‌ನಲ್ಲಿ ಮೊದಲೇ ಹೇಳಿದರೆ ಒಂದನ್ನು ಮುಗಿಸಿ, ಇನ್ನೊಂದರ ಸರದಿ ಮುಗಿಯುವುದರೊಳಗೆ ಬರಲು ಬಿಡುತ್ತಾರೆ.

ಫೋಟೋ ಆಪ್ ಟಿಕೆಟ್ ಮೇಲೆ ಗುಂಪಿನ ನಂಬರ್ ಇದ್ದರೆ ಒಂದು ಗಂಟೆ ಮುಂಚೆ ಹೋಗಿ ನಿಂತು ಏನೂ ಸಿಗುವುದಿಲ್ಲ. ನಿಮ್ಮದು ಗುಂಪು 4 ಆದರೆ ಮೊದಲ ಮೂರು ಗುಂಪು ಒಳಗೆ ಹೋಗುವವರೆಗೆ ನಿಮ್ಮನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸುತ್ತಾರೆ, ಅಷ್ಟೇ. ಕೂಗಿ ಕರೆಯುವುದು ಕೇಳಿಸುವಷ್ಟು ಹತ್ತಿರ ಇದ್ದರೆ ಸಾಕು.

ಟೇಬಲ್‌ಗೆ ಒಳ್ಳೆಯ ಹೊತ್ತು ಯಾವುದು? ಮೊದಲ ದಿನ ಬಾಗಿಲು ತೆರೆದ ಮೊದಲ ಗಂಟೆ. ಅಥವಾ, ಬೇರೊಬ್ಬ ದೊಡ್ಡ ನಟರ ಪ್ಯಾನೆಲ್ ನಡೆಯುವ ಹೊತ್ತು: ಜನವೆಲ್ಲ ಅಲ್ಲಿಗೆ ಹರಿದು ಟೇಬಲ್‌ಗಳ ಮುಂದೆ ಖಾಲಿ ಹೊಡೆಯುತ್ತದೆ. ಕೊನೆಯ ದಿನದ ಮಧ್ಯಾಹ್ನಕ್ಕೆ ಮಾತ್ರ ಉಳಿಸಿಕೊಳ್ಳಬೇಡಿ. ವಿಮಾನ ಹಿಡಿಯಲು ಎರಡು ಗಂಟೆಗೇ ಎದ್ದು ಹೋಗುವ ನಟರು ಇರುತ್ತಾರೆ. ಕ್ಯೂ ಸೇರುವ ಮೊದಲು ಅಲ್ಲಿನ ವಾಲಂಟಿಯರ್‌ಗೆ ಎರಡು ಪ್ರಶ್ನೆ ಕೇಳಿ: "ಕ್ಯೂ ಇನ್ನೂ ತೆರೆದಿದೆಯಾ?" ಮತ್ತು "ನಟರು ನಡುವೆ ಎದ್ದು ಹೋಗುವುದಿದೆಯಾ?" ಟೋಕನ್ ಅಥವಾ ಆ್ಯಪ್‌ನಲ್ಲಿ ನಂಬರ್ ಕೊಡುವ ಪದ್ಧತಿಯಿದ್ದರೆ ಬೆಳಗ್ಗೆಯೇ ತೆಗೆದುಕೊಳ್ಳಿ.

ಟಿಕೆಟ್‌ನ ಕ್ಯೂಆರ್ ಕೋಡ್ ಅನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಿ. ಸಾವಿರಾರು ಫೋನ್‌ಗಳಿರುವ ಹಾಲ್‌ನಲ್ಲಿ ನೆಟ್‌ವರ್ಕ್ ಮಲಗಿಬಿಡುತ್ತದೆ, ಸ್ಕ್ಯಾನ್ ಮಾಡುವ ಹೊತ್ತಿಗೆ ಇಮೇಲ್ ತೆರೆಯುವುದಿಲ್ಲ. ಪವರ್ ಬ್ಯಾಂಕ್, ನೀರು, ಹಳೆಯ ಮೆತ್ತನೆಯ ಶೂ. ಟೇಬಲ್‌ಗಳಲ್ಲಿ ಕಾರ್ಡ್ ನಡೆಯುತ್ತದೆ ಎಂಬ ಖಾತ್ರಿಯಿಲ್ಲ, ಆದ್ದರಿಂದ ನಗದು ಚಿಲ್ಲರೆಯಾಗಿ ಇರಲಿ. ಹೆಚ್ಚು ಹೊತ್ತು ನಿಲ್ಲಲಾಗದವರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಬೇರೆ ಕ್ಯೂ ಇರುತ್ತದೆ. ಅದಕ್ಕೆ ಮೊದಲೇ ಹೆಸರು ಕೊಡಬೇಕಾಗಬಹುದು, ಜೊತೆಗೊಬ್ಬರನ್ನೂ ಬಿಡುತ್ತಾರೆ.

ಸಹಿಗೆ ಏನು ಒಯ್ಯಬೇಕು, ಯಾವ ಪೆನ್ನು

ಟೇಬಲ್ ಮೇಲೆ 8×10 ಇಂಚಿನ ಫೋಟೋಗಳನ್ನು ಹರಡಿಟ್ಟಿರುತ್ತಾರೆ, ಹೆಚ್ಚಾಗಿ ಅದು ಸಹಿಯ ದರದಲ್ಲೇ ಸೇರಿರುತ್ತದೆ. ಅದೇ ಸಾಕು ಎನ್ನುವವರಿಗೆ ಯಾವ ತಲೆನೋವೂ ಇಲ್ಲ. ನಿಮ್ಮದೇ ವಸ್ತುವಿನ ಮೇಲೆ ಸಹಿ ಬೇಕೆಂದರೆ ಪೆನ್ನು ನಿಮ್ಮ ಜವಾಬ್ದಾರಿ. ಸಹಿ ಕೆಡುವುದು ಬಹುತೇಕ ಪೆನ್ನಿನ ದೆಸೆಯಿಂದಲೇ.

ಹೊಳಪಿನ ಫೋಟೋಗೆ ಶಾರ್ಪಿಯಂಥ ಪರ್ಮನೆಂಟ್ ಮಾರ್ಕರ್. ಕಪ್ಪು-ಬಿಳುಪು ಚಿತ್ರವಾದರೆ ನೀಲಿ ಬಣ್ಣ ತೆಗೆದುಕೊಳ್ಳಿ. ಕಪ್ಪಿನಲ್ಲಿ ಹಾಕಿದ ಸಹಿ ಮುದ್ರಣದ್ದೋ ಕೈಯದ್ದೋ ಎಂದು ನೋಡಿದವರಿಗೆ ಗೊತ್ತಾಗುವುದಿಲ್ಲ. ರಾತ್ರಿ ದೃಶ್ಯದ ಕಪ್ಪು ಪೋಸ್ಟರ್‌ಗೆ ಬೆಳ್ಳಿ ಅಥವಾ ಚಿನ್ನದ ಬಣ್ಣದ ಪೇಂಟ್ ಪೆನ್ ಬೇಕು. ಇದು ಸ್ವಲ್ಪ ಹಟಮಾರಿ ಸಾಮಾನು: ಚೆನ್ನಾಗಿ ಕುಲುಕಬೇಕು, ತುದಿಯನ್ನು ರದ್ದಿ ಕಾಗದದ ಮೇಲೆ ಒತ್ತಿ ಒತ್ತಿ ಬಣ್ಣ ಇಳಿಸಬೇಕು, ನಾಲ್ಕು ಗೆರೆ ಎಳೆದು ನೋಡಬೇಕು. ಇದನ್ನೆಲ್ಲ ಕ್ಯೂನಲ್ಲಿ ನಿಮ್ಮ ಮುಂದೆ ಐದಾರು ಜನ ಇರುವಾಗಲೇ ಮುಗಿಸಿ. ಹಾಗೇ ಕೊಟ್ಟರೆ ಮೊದಲ ಅಕ್ಷರದ ಮೇಲೆ ದೊಡ್ಡ ಹನಿ ಬಿದ್ದು, ನಟರ ಕೈಗೂ ನಿಮ್ಮ ಪೋಸ್ಟರ್‌ಗೂ ಬಳಿದುಕೊಳ್ಳುತ್ತದೆ.

ಪುಸ್ತಕದ ಹಾಳೆ ಅಥವಾ ಸ್ಕ್ರಿಪ್ಟ್‌ನ ಪ್ರತಿಯಾದರೆ ಮಾರ್ಕರ್ ಬೇಡ, ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ತೆಳು ತುದಿಯ ಪಿಗ್ಮೆಂಟ್ ಪೆನ್ನು ಒಯ್ಯಿರಿ, ಹಾಳೆಯ ಕೆಳಗೊಂದು ರಟ್ಟು ಇಡಿ. ಡಿವಿಡಿ ಪೆಟ್ಟಿಗೆಯ ಪ್ಲಾಸ್ಟಿಕ್ ಮೇಲೆ ಸಹಿ ಹಾಕಿಸಿದರೆ ಕೈ ತಾಗಿ ತಾಗಿ ಅಳಿಸಿಹೋಗುತ್ತದೆ, ಒಳಗಿನ ಕಾಗದದ ಹೊದಿಕೆಯನ್ನು ಮೊದಲೇ ಹೊರಗೆ ಎಳೆದು ಅದರ ಮೇಲೆ ಹಾಕಿಸಿ. ಫಂಕೊ ಪಾಪ್ ಗೊಂಬೆಯಾದರೆ ಅದರ ಪೆಟ್ಟಿಗೆಯ ಪಾರದರ್ಶಕ ಕಿಟಕಿಗಿಂತ ರಟ್ಟಿನ ಭಾಗ ವಾಸಿ. ಟೀ ಶರ್ಟ್‌ಗೆ ಬಟ್ಟೆಯ ಮಾರ್ಕರ್, ಒಳಗೆ ರಟ್ಟು ತೂರಿಸಿ ಬಿಗಿಯಾಗಿ ಎಳೆದು ಕ್ಲಿಪ್ ಹಾಕಿರಬೇಕು. ಸಡಿಲ ಬಟ್ಟೆಯ ಮೇಲೆ ಪೆನ್ನು ಓಡುವುದಿಲ್ಲ.

ಹೊಳಪಿನ ಮೇಲ್ಮೈಗೆ ಬೆರಳಿನ ಜಿಡ್ಡು ಹತ್ತಿದರೆ ಮಾರ್ಕರ್ ಆ ಜಾಗದಲ್ಲಿ ಬಿಟ್ಟುಬಿಟ್ಟು ಬರೆಯುತ್ತದೆ. ಕನ್ನಡಕ ಒರೆಸುವ ಬಟ್ಟೆಯಿಂದ ಒಮ್ಮೆ ಮೆಲ್ಲಗೆ ಒರೆಸಿ ಕೊಡಿ.

ಇಡೀ ತಂಡದ ಸಹಿಯನ್ನು ಒಂದೇ ಪೋಸ್ಟರ್‌ನಲ್ಲಿ ಕೂಡಿಸುವವರಿಗೆ ಬೇರೆಯೇ ಸಮಸ್ಯೆ. ಮೊದಲ ನಟರು ನಡುಮಧ್ಯೆ ದೊಡ್ಡದಾಗಿ ಬರೆದುಬಿಟ್ಟರೆ ಉಳಿದ ಆರು ಜನರಿಗೆ ಮೂಲೆಗಳೇ ಗತಿ. ಪ್ರತಿಯೊಬ್ಬರ ಜಾಗವನ್ನು ಸಣ್ಣ ಅಂಟುಚೀಟಿಯಿಂದ ಗುರುತಿಸಿ, ನಿಮ್ಮ ಸರದಿ ಬಂದಾಗ ಆ ನಟರ ಚೀಟಿಯನ್ನಷ್ಟೇ ಕಿತ್ತು "ಇಲ್ಲಿ ಹಾಕ್ತೀರಾ?" ಎಂದು ತೋರಿಸಿ. ಬಣ್ಣವೂ ಎಲ್ಲರದ್ದೂ ಒಂದೇ ಇದ್ದರೆ ನೋಡಲು ಲಕ್ಷಣ. ಸುರುಳಿ ಸುತ್ತಿದ ಪೋಸ್ಟರ್ ಟೇಬಲ್ ಮೇಲೆ ಮತ್ತೆ ಮತ್ತೆ ಸುತ್ತಿಕೊಳ್ಳುತ್ತದೆ, ಹಸಿ ಸಹಿ ಅದರ ಬೆನ್ನಿಗೇ ಒತ್ತುತ್ತದೆ. 11×17 ಇಂಚಿನೊಳಗಿನದನ್ನು ಗಟ್ಟಿ ರಟ್ಟಿನ ಫೈಲ್‌ನಲ್ಲಿ ಚಪ್ಪಟೆಯಾಗಿಯೇ ಒಯ್ಯಿರಿ.

ಟೇಬಲ್ ಮುಂದೆ

ದುಡ್ಡು ತೆಗೆದುಕೊಳ್ಳುವವರು, ನಟರಿಗೆ ಸಹಾಯಕರಾಗಿ ಕೂತವರು, ಆಮೇಲೆ ನಟರು, ಇದು ಕ್ರಮ. ಸಹಾಯಕರು ನಿಮ್ಮ ಹೆಸರನ್ನು ಅಂಟುಚೀಟಿಯ ಮೇಲೆ ಬರೆದು ಫೋಟೋಗೆ ಅಂಟಿಸುತ್ತಾರೆ. ಗದ್ದಲದಲ್ಲಿ ಅವರು ತಪ್ಪಾಗಿ ಕೇಳಿಸಿಕೊಳ್ಳುವುದೇ ಹೆಚ್ಚು, ಹಾಗಾಗಿ ಹೆಸರನ್ನು ನೀವೇ ದಪ್ಪ ಅಕ್ಷರಗಳಲ್ಲಿ ಬರೆದು ತಂದಿರಿ. ಹೆಸರು ಬೇಡ, ಬರೀ ಸಹಿ ಸಾಕು ಎನ್ನುವುದಾದರೆ ಅದನ್ನೂ ಇಲ್ಲೇ ಹೇಳಿ. ಪಾತ್ರದ ಹೆಸರನ್ನೋ ಪ್ರಸಿದ್ಧ ಸಂಭಾಷಣೆಯನ್ನೋ ಬರೆಸಲು ಕೆಲವರು ಬೇರೆ ದುಡ್ಡು ಕೇಳುತ್ತಾರೆ, ಆ ಮಾತು ಸಹಾಯಕರ ಹಂತದಲ್ಲೇ ಮುಗಿಯಲಿ. ನಟರ ಮುಂದೆ ಚೌಕಾಸಿ ಮಾಡಿದರೆ ಇಬ್ಬರಿಗೂ ಮುಜುಗರ.

ಏನು ಮಾತಾಡಬೇಕು? "ನಾನು ನಿಮ್ಮ ದೊಡ್ಡ ಫ್ಯಾನ್" ಎಂಬುದನ್ನು ಅವರು ಅವತ್ತು ಮುನ್ನೂರನೇ ಸಲ ಕೇಳುತ್ತಿರುತ್ತಾರೆ. ನಕ್ಕು ಥ್ಯಾಂಕ್ಸ್ ಹೇಳುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಒಂದು ದೃಶ್ಯ ಹಿಡಿದುಕೊಂಡು ಹೋಗಿ. "ಎರಡನೇ ಸೀಸನ್ ಕೊನೆಯಲ್ಲಿ, ಆಸ್ಪತ್ರೆ ಕಾರಿಡಾರ್‌ನಲ್ಲಿ, ಮಾತೇ ಆಡದೆ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಂಡು ಕೂತಿರಲ್ಲ, ಅದು ಸ್ಕ್ರಿಪ್ಟ್‌ನಲ್ಲಿತ್ತಾ, ನೀವೇ ಮಾಡಿದ್ದಾ?" ಇಂಥ ಪ್ರಶ್ನೆಗೆ ಹೌದು, ಅಲ್ಲ ಎಂದಷ್ಟೇ ಹೇಳಿ ಬಿಡಲಾಗುವುದಿಲ್ಲ, ಸಹಿ ಹಾಕುತ್ತಿದ್ದ ಕೈ ನಿಂತು ತಲೆ ಎತ್ತುತ್ತಾರೆ. ನಟನೆಯ ಕಸುಬಿನ ಬಗ್ಗೆ ಕೇಳಿದರೆ ಯಾರಿಗೂ ಬೇಸರವಿಲ್ಲ: ಎಷ್ಟು ಟೇಕ್ ಆಯಿತು, ಮಳೆ ನಿಜವಾದದ್ದಾ, ಆ ಭಾಷೆಯ ಉಚ್ಚಾರ ಕಲಿತದ್ದು ಹೇಗೆ. ಒಂದೇ ಪ್ರಶ್ನೆ. ಅದನ್ನು ಮನೆಯಲ್ಲೇ ಜೋರಾಗಿ ಹೇಳಿ ನೋಡಿ, ಹತ್ತು ಸೆಕೆಂಡಿನೊಳಗೆ ಮುಗಿಯದಿದ್ದರೆ ಕತ್ತರಿಸಿ.

ಪಾತ್ರದ ಹೆಸರಿನಿಂದ ಕರೆಯಬೇಡಿ. ಮುಂದಿನ ಸೀಸನ್‌ನಲ್ಲಿ ಏನಾಗುತ್ತದೆ ಎಂದು ಕೇಳಬೇಡಿ, ಹೇಳಬಾರದೆಂದು ಅವರು ಕರಾರಿಗೆ ಸಹಿ ಹಾಕಿರುತ್ತಾರೆ. ಸಹನಟರ ಜಗಳ, ಸೀರಿಯಲ್ ಬಿಟ್ಟ ಕಾರಣ, ಮದುವೆ, ಮಕ್ಕಳು ಇವೆಲ್ಲ ಬೇಡ. ಕೆಲವೊಮ್ಮೆ ಕೆಲಸದ ಮಾತೂ ಆಡುವಂತಿರುವುದಿಲ್ಲ. 2023ರ ಜುಲೈ 14ರಿಂದ ನವೆಂಬರ್ 9ರವರೆಗೆ ಅಮೆರಿಕದ ನಟರ ಒಕ್ಕೂಟ ಮುಷ್ಕರ ಹೂಡಿದ್ದಾಗ, ಮುಷ್ಕರಕ್ಕೆ ಒಳಪಟ್ಟ ಸೀರಿಯಲ್‌ಗಳಿಗೆ ಪ್ರಚಾರ ಕೊಡುವುದು ಒಕ್ಕೂಟದ ಸದಸ್ಯರಿಗೆ ನಿಷಿದ್ಧವಾಗಿತ್ತು. ಅಂಥ ಹೊತ್ತಲ್ಲಿ ನಟರು ಮಾತು ಮರೆಸಿದರೆ ಒತ್ತಾಯಿಸಬಾರದು.

ನೀವು ಬರೆದ ಕತೆ, ಸ್ಕ್ರಿಪ್ಟ್ ಕೊಡಲು ಹೋಗಬೇಡಿ. ನಾಳೆ "ನನ್ನ ಕತೆ ಕದ್ದರು" ಎಂಬ ವ್ಯಾಜ್ಯ ಬರಬಾರದೆಂದು ಅದನ್ನು ತೆರೆದೂ ನೋಡದಂತೆ ಅವರ ವಕೀಲರೇ ಹೇಳಿರುತ್ತಾರೆ. ಉಡುಗೊರೆ ಕೊಡಬಹುದೇ ಎಂದು ಕನ್ವೆನ್ಶನ್ ನಿಯಮದಲ್ಲಿ ನೋಡಿ. ಅನುಮತಿಯಿದ್ದರೂ ತಿಂಡಿ ಬೇಡ, ಅಪರಿಚಿತರು ಕೊಟ್ಟದ್ದನ್ನು ಅವರು ತಿನ್ನುವುದಿಲ್ಲ. ಭಾರದ್ದೂ ಬೇಡ, ವಿಮಾನದಲ್ಲಿ ಹೊತ್ತೊಯ್ಯಬೇಕು. ಒಂದು ಪುಟದ ಪತ್ರ ಎಲ್ಲಕ್ಕಿಂತ ಒಳ್ಳೆಯದು. ಆ ಸೀರಿಯಲ್ ನಿಮ್ಮ ಕಷ್ಟಕಾಲದಲ್ಲಿ ಹೇಗೆ ಜೊತೆಗಿತ್ತು ಎಂಬಂಥ ಮಾತು ಟೇಬಲ್ ಮುಂದೆ ಅರ್ಧ ನಿಮಿಷದಲ್ಲಿ ಹೇಳಿ ಮುಗಿಯುವುದಿಲ್ಲ, ಕಾಗದದಲ್ಲಿ ಮುಗಿಯುತ್ತದೆ.

ಗಂಟಲು ಕಟ್ಟಿತು, ಕಣ್ಣಲ್ಲಿ ನೀರು ಬಂತು, ಕಲಿತ ವಾಕ್ಯ ಮರೆತೇ ಹೋಯಿತು ಎಂದಾದರೆ ನಾಚಿಕೆಪಡುವುದೇನಿಲ್ಲ. ನಟರು ಇದನ್ನು ದಿನವೂ ನೋಡುತ್ತಾರೆ. ಪ್ರಶ್ನೆ ಬರೆದ ಚೀಟಿಯನ್ನೇ ಮುಂದೆ ಹಿಡಿಯಿರಿ, ಓದಿ ಉತ್ತರಿಸುತ್ತಾರೆ.

ಸೆಲ್ಫಿಗೂ ದುಡ್ಡು ಕೊಟ್ಟಿದ್ದರೆ ಫೋನ್‌ನ ಲಾಕ್ ತೆಗೆದು, ಕ್ಯಾಮೆರಾ ತೆರೆದು, ಲೆನ್ಸ್ ಒರೆಸಿ, ಫ್ಲ್ಯಾಶ್ ಆರಿಸಿ ಸಹಾಯಕರ ಕೈಗೆ ಕೊಡಿ. ಪೋರ್ಟ್ರೇಟ್ ಮೋಡ್ ಬೇಡ, ಅದು ಫೋಕಸ್ ಹುಡುಕುತ್ತ ಕೂರುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ದುಡ್ಡು ಕೊಡದೆ ಕ್ಯೂನಲ್ಲಿ ನಿಂತೇ ಕದ್ದು ಫೋಟೋ ತೆಗೆಯುವವರನ್ನು ಸಹಾಯಕರು ಗಮನಿಸುತ್ತಲೇ ಇರುತ್ತಾರೆ.

ಸಹಿ ಆದ ಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಐದು ನಿಮಿಷ ಕಾಯಿರಿ. ಮಾರ್ಕರ್ ಒಣಗಿದಂತೆ ಕಂಡರೂ ಪೂರ್ತಿ ಒಣಗಿರುವುದಿಲ್ಲ. ತಕ್ಷಣ ಪ್ಲಾಸ್ಟಿಕ್ ಹೊದಿಕೆಗೆ ತೂರಿಸಿದರೆ ಸಹಿಯ ಅರ್ಧ ಹೊದಿಕೆಗೆ ಅಂಟುತ್ತದೆ. ಪೇಂಟ್ ಪೆನ್ ಆದರೆ ಇನ್ನೂ ಹೆಚ್ಚು ಹೊತ್ತು ಬೇಕು.

ಫೋಟೋ ಆಪ್

ಪರದೆ ಕಟ್ಟಿದ ಕೋಣೆ, ಎರಡೂ ಕಡೆ ಫ್ಲ್ಯಾಶ್ ದೀಪ, ನೆಲದ ಮೇಲೆ ಅಂಟಿಸಿದ ಟೇಪ್ ಗುರುತು, ಅದರ ಮೇಲೆ ನಟರು. ಬಾಗಿಲಲ್ಲೇ ಒಂದು ಮೇಜು ಇರುತ್ತದೆ. ಚೀಲ, ಕತ್ತಿನ ಬ್ಯಾಡ್ಜ್, ಫೋನ್ ಎಲ್ಲ ಅದರ ಮೇಲೆ. ಜೇಬಿನಲ್ಲಿ ಉಬ್ಬಿದ ಪರ್ಸ್ ಕೂಡ ಚಿತ್ರದಲ್ಲಿ ಕಾಣುತ್ತದೆ.

ಇಲ್ಲಿ ಚಿತ್ರ ಕೆಡುವ ಮುಖ್ಯ ಕಾರಣ ಒಂದೇ: ಅಭಿಮಾನಿ ಲೆನ್ಸ್ ಬಿಟ್ಟು ನಟರ ಮುಖ ನೋಡುತ್ತ ನಿಂತಿರುತ್ತಾರೆ. ಫೋಟೋಗ್ರಾಫರ್ "ರೆಡಿನಾ?" ಎಂದು ಕೇಳುವುದಿಲ್ಲ, ಇಬ್ಬರೂ ಗುರುತಿನ ಮೇಲೆ ಬಂದರೆ ಕ್ಲಿಕ್. ಹಾಗಾಗಿ ನಮಸ್ಕಾರ, ಕುಶಲ ಎಲ್ಲ ಪರದೆಯಿಂದ ಗುರುತಿನವರೆಗೆ ನಡೆಯುವ ನಾಲ್ಕು ಹೆಜ್ಜೆಯಲ್ಲೇ. ನಿಂತ ಮೇಲೆ ಕಣ್ಣು ಲೆನ್ಸ್ ಮೇಲೆ. ಫ್ಲ್ಯಾಶ್ ಆದ ಮೇಲೆ ಒಂದು ಥ್ಯಾಂಕ್ಸ್, ಹೊರಡುವುದು.

ಪೋಸ್ ಬೇಕಿದ್ದರೆ ಆರೇಳು ಪದಗಳಲ್ಲಿ ಹೇಳಿ: "ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲೋಣ್ವಾ?" ವಿವರಿಸಿ ಹೇಳಬೇಕಾದ ಪೋಸ್ ಇಲ್ಲಿ ಆಗುವುದಿಲ್ಲ. ಮಾದರಿ ಚಿತ್ರವನ್ನು ಕಾಗದದಲ್ಲಿ ಮುದ್ರಿಸಿ ತೋರಿಸಿದರೆ ಮಾತೇ ಬೇಕಿಲ್ಲ. ಎತ್ತಿಕೊಳ್ಳಿ ಎನ್ನುವುದು, ಮುತ್ತು ಕೇಳುವುದು ಎಲ್ಲ ಕಡೆಯೂ ನಿಷಿದ್ಧವೆಂದೇ ತಿಳಿಯಿರಿ. ಭುಜದ ಮೇಲೆ ಕೈ ಇಡುವುದಕ್ಕೂ ಕೇಳಿಯೇ ಇಡಬೇಕು. ಅವರೇ ತೋಳು ಚಾಚಿದರೆ ಸರಿ. ಕೆಲವರು ಮುಟ್ಟಬಾರದೆಂದೇ ನಿಯಮ ಇಟ್ಟುಕೊಂಡಿರುತ್ತಾರೆ, ಕ್ಯೂನಲ್ಲೇ ಅದನ್ನು ಹೇಳುತ್ತಾರೆ.

ಬಟ್ಟೆ: ಹಿನ್ನೆಲೆಯ ಬಣ್ಣ ಹಿಂದಿನ ವರ್ಷದ ಫೋಟೋಗಳಲ್ಲಿ ಕಾಣುತ್ತದೆ. ಕಪ್ಪು ಹಿನ್ನೆಲೆಗೆ ಕಪ್ಪು ಅಂಗಿ ತೊಟ್ಟರೆ ಬರೀ ತಲೆ ಮತ್ತು ಎರಡು ಕೈ ತೇಲುತ್ತಿರುತ್ತವೆ. ಒತ್ತೊತ್ತಾದ ಸಣ್ಣ ಗೆರೆಗಳಿರುವ ಬಟ್ಟೆ ಡಿಜಿಟಲ್ ಚಿತ್ರದಲ್ಲಿ ಅಲೆಅಲೆಯಾಗಿ ಕಾಣುತ್ತದೆ. ಚಿತ್ರ ಸಾಮಾನ್ಯವಾಗಿ ಮೊಣಕಾಲಿಗಿಂತ ಮೇಲೆ ಕತ್ತರಿಸಿರುತ್ತದೆ, ಹೊಸ ಶೂ ಯಾರಿಗೂ ಕಾಣದು. ಕನ್ನಡಕದ ಗಾಜಿನಲ್ಲಿ ಫ್ಲ್ಯಾಶ್ ಹೊಳೆಯದಿರಲು ಅದರ ಕಡ್ಡಿಗಳನ್ನು ಕಿವಿಯ ಮೇಲೆ ಒಂದಿಷ್ಟೇ ಎತ್ತಿ ಕೂರಿಸಿ. ಗಾಜು ಕೆಳಮುಖವಾಗಿ ಬಾಗಿ ಬೆಳಕು ನೆಲಕ್ಕೆ ಹೋಗುತ್ತದೆ, ಚಿತ್ರದಲ್ಲಿ ಎತ್ತಿದ್ದು ತಿಳಿಯುವುದೂ ಇಲ್ಲ.

ಪಾತ್ರದ ವೇಷ ಹಾಕಿಕೊಂಡು ಹೋಗುವವರು ರೆಕ್ಕೆ, ಉದ್ದನೆಯ ಕೋಲು ಕೋಣೆಯಲ್ಲಿ ಹಿಡಿಸುತ್ತವೆಯೇ ನೋಡಿ. ಆಟಿಕೆ ಕತ್ತಿ, ಬಂದೂಕುಗಳನ್ನು ಪ್ರವೇಶದ್ವಾರದಲ್ಲೇ ಪರೀಕ್ಷಿಸಿ, ಗುರುತಿನ ಪಟ್ಟಿ ಕಟ್ಟಿ ಒಳಗೆ ಬಿಡುತ್ತಾರೆ, ನಿಜವಾದ ಬಂದೂಕಿನಂತೆ ಕಾಣುವುದನ್ನು ಬಿಡುವುದೇ ಇಲ್ಲ. ಮೈಗೆ ಬಳಿದ ಬಣ್ಣ, ಅದನ್ನು ಹಿಡಿದಿಡುವ ಸೆಟ್ಟಿಂಗ್ ಸ್ಪ್ರೇ ಹಾಕದಿದ್ದರೆ, ನಟರ ಅಂಗಿಗೆ ಹತ್ತುತ್ತದೆ. ಅವರಿಗೆ ಅದೇ ಅಂಗಿಯಲ್ಲಿ ಇನ್ನೂ ನೂರು ಫೋಟೋ ಇರುತ್ತವೆ.

ಮುದ್ರಿತ ಪ್ರತಿ ಕೆಲವೇ ನಿಮಿಷಗಳಲ್ಲಿ ಹೊರಗಿನ ಮೇಜಿನ ಮೇಲೆ ಬರುತ್ತದೆ. ಅಲ್ಲೇ ನಿಂತು ನೋಡಿ. ಕಣ್ಣು ಮುಚ್ಚಿದ್ದರೆ, ಮಸುಕಾಗಿದ್ದರೆ ಆ ನಟರ ಸರದಿ ಮುಗಿಯುವ ಮೊದಲೇ ಕೌಂಟರ್‌ಗೆ ಹೇಳಿ, ಮತ್ತೊಮ್ಮೆ ತೆಗೆಸಿಕೊಡುವುದುಂಟು. ನಟರು ಎದ್ದು ಹೋದ ಮೇಲೆ ಯಾರೂ ಏನೂ ಮಾಡಲಾರರು. "ನಗು ಚೆನ್ನಾಗಿಲ್ಲ" ಎಂಬುದು ಕಾರಣವಾಗುವುದಿಲ್ಲ.

ಪ್ಯಾನೆಲ್‌ನಲ್ಲಿ ಪ್ರಶ್ನೆ ಕೇಳುವುದಾದರೆ

ಮೈಕ್ ಇರುವ ಓಣಿಯ ಪಕ್ಕದ ಕುರ್ಚಿ ಹಿಡಿಯಿರಿ, ಮುಂದಿನ ಸಾಲಿಗಿಂತ ಅದು ಲಾಭ. ಪ್ರಶ್ನೋತ್ತರ ಎಂದ ಕೂಡಲೇ ಏಳಬೇಕು, ಹತ್ತು ಜನ ನಿಂತರೆ ಐದು ಜನರಿಗಷ್ಟೇ ಸಮಯ ಸಿಗುತ್ತದೆ. ವಾಲಂಟಿಯರ್ ಪ್ರಶ್ನೆಯನ್ನು ಮೊದಲೇ ಕೇಳಿ ನೋಡಬಹುದು. ವೇದಿಕೆಯಲ್ಲಿ ನಾಲ್ವರಿದ್ದರೆ ಎಲ್ಲರೂ ಉತ್ತರಿಸಬಹುದಾದ್ದನ್ನು ಕೇಳಿದರೆ ಸಭೆಗೂ ಖುಷಿ. ಅಪ್ಪುಗೆ, ಸೆಲ್ಫಿ, ಹುಟ್ಟುಹಬ್ಬದ ಹಾರೈಕೆಗಳನ್ನು ಮೈಕ್‌ನಲ್ಲಿ ಕೇಳಿದರೆ ಸಭೆಯೇ ಗೊಣಗುತ್ತದೆ.

ಮನೆಗೆ ತಂದ ಮೇಲೆ

ಸಹಿಯ ಮೊದಲ ಶತ್ರು ಬಿಸಿಲು. ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದ ಮಾರ್ಕರ್ ಸಹಿ ಕೆಲವೇ ವರ್ಷಗಳಲ್ಲಿ ಕಂದುತ್ತದೆ. ನೇರ ಬಿಸಿಲು ಬೀಳದ ಗೋಡೆ, ಸಾಧ್ಯವಾದರೆ ಅತಿನೇರಳೆ ಕಿರಣ ತಡೆಯುವ ಗಾಜು. ಗಾಜು ಸಹಿಗೆ ತಾಗಕೂಡದು, ನಡುವೆ ಆಮ್ಲರಹಿತ ರಟ್ಟಿನ ಚೌಕಟ್ಟು ಇರಲಿ. ಫೈಲ್‌ನಲ್ಲಿಡುವುದಾದರೆ ಪಿವಿಸಿ ಹೊದಿಕೆ ಬೇಡ, ಅದು ವರ್ಷ ಕಳೆದಂತೆ ಜಿಗುಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಎಂದು ಬರೆದಿರುವುದನ್ನು ಕೇಳಿ ತನ್ನಿ.

ಮುಂದೆಂದಾದರೂ ಮಾರುವ ಯೋಚನೆ ಇದ್ದರೆ, ಸಹಿ ಹಾಕುವುದನ್ನು ಕಣ್ಣಾರೆ ಕಂಡು ನಂಬರಿನ ಸ್ಟಿಕ್ಕರ್ ಅಂಟಿಸಿಕೊಡುವ ದೃಢೀಕರಣ ಕಂಪನಿಗಳ ಕೌಂಟರ್ ಕನ್ವೆನ್ಶನ್‌ನಲ್ಲೇ ಇದೆಯೇ ನೋಡಿ. ಕ್ಯೂ ಸೇರುವ ಮೊದಲೇ ಅವರನ್ನು ಕಾಣಬೇಕು. ಆಮೇಲೆ ಹೋದರೆ ಸಹಿಯ ಅಕ್ಷರ ನೋಡಿ ಅಭಿಪ್ರಾಯ ಕೊಡಬಹುದೇ ಹೊರತು, ಎದುರಿಗೇ ಹಾಕಿದ್ದೆಂದು ಬರೆದುಕೊಡಲು ಬರುವುದಿಲ್ಲ. ನಿಮ್ಮ ಹೆಸರು ಬರೆಸಿದ ಫೋಟೋಗೆ ಸಾಮಾನ್ಯವಾಗಿ ಬೆಲೆ ಕಡಿಮೆ. ಮಾರುವವರಲ್ಲ ಎಂಬ ಕಾರಣಕ್ಕೇ ಕೆಲವು ನಟರು ಹೆಸರು ಬರೆಸುವವರ ಜೊತೆ ಇನ್ನೆರಡು ಮಾತು ಹೆಚ್ಚಾಡುತ್ತಾರೆ.